ಗ್ಯಾಟ್ಸ್‌ಬಿಯ ಸಿರಿ ತೆರೆಗೆ ಬಂತು, ಅವನ ಬಡತನ ಬರಲಿಲ್ಲ

ಓದುಮನೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಅವರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ 1925ರ ಏಪ್ರಿಲ್ 10ರಂದು ಪ್ರಕಟವಾಯಿತು. ಮರುವರ್ಷವೇ ಅದು ಮೂಕಿ ಚಿತ್ರವಾಯಿತು. ಆಮೇಲೆ 1949, 1974 ಮತ್ತು 2013ರಲ್ಲಿ ಚಿತ್ರಮಂದಿರಕ್ಕೆ, 2000ದಲ್ಲಿ ಟಿ.ವಿ.ಗೆ ಬಂತು. ಮೂಕಿ ಚಿತ್ರ ಕಳೆದುಹೋಗಿದ್ದು, ಒಂದು ನಿಮಿಷದಷ್ಟು ಟ್ರೇಲರ್ ಮಾತ್ರ ಉಳಿದಿದೆ. ಇನ್ನೂರು ಪುಟಗಳ ಆಸುಪಾಸಿನ ಪುಸ್ತಕವೊಂದನ್ನು ಇಷ್ಟು ಸಲ ಚಿತ್ರ ಮಾಡಿದರೂ ಅದರ ತಿರುಳು ಪೂರ್ತಿಯಾಗಿ ತೆರೆಗೆ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಬಂದಿಲ್ಲ ಎಂಬುದನ್ನು ಇಲ್ಲಿ ಚರ್ಚಿಸೋಣ.

ಓದದೆ ಇರುವವರಿಗಾಗಿ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಾರ್ತ್ ಡಕೋಟಾದ ಬಡ ರೈತ ದಂಪತಿಯ ಮಗ ಜೇಮ್ಸ್ ಗ್ಯಾಟ್ಜ್ ಹದಿನೇಳನೆಯ ವಯಸ್ಸಿನಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡು ಜೇ ಗ್ಯಾಟ್ಸ್‌ಬಿಯಾಗುತ್ತಾನೆ. 1917ರಲ್ಲಿ ಸೈನ್ಯದ ಅಧಿಕಾರಿಯಾಗಿ ಲೂಯಿವಿಲ್ ನಗರದಲ್ಲಿದ್ದಾಗ ಸಿರಿವಂತರ ಮನೆಯ ಹುಡುಗಿ ಡೇಸಿಯನ್ನು ಪ್ರೀತಿಸುತ್ತಾನೆ. ಮೈಮೇಲಿನ ಸಮವಸ್ತ್ರ ಅವನ ಬಡತನವನ್ನು ಮುಚ್ಚಿಟ್ಟಿರುತ್ತದೆ. ಅವನು ಯುದ್ಧಕ್ಕೆ ಹೋದ ಮೇಲೆ ಡೇಸಿ 1919ರಲ್ಲಿ ಷಿಕಾಗೋದ ಆಗರ್ಭ ಶ್ರೀಮಂತ ಟಾಮ್ ಬುಕಾನನ್‌ನನ್ನು ಮದುವೆಯಾಗುತ್ತಾಳೆ. ಗ್ಯಾಟ್ಸ್‌ಬಿ ಪಾನನಿಷೇಧದ ಕಾಲದ ಕಳ್ಳಸಾರಾಯಿ ದಂಧೆಯಲ್ಲಿ ಅಪಾರ ಹಣ ಮಾಡಿ, ಲಾಂಗ್ ಐಲೆಂಡ್‌ನಲ್ಲಿ ಅವಳ ಮನೆಗೆ ನೇರ ಎದುರಾಗಿ, ಕೊಲ್ಲಿಯ ಈಚೆ ದಡದಲ್ಲಿ ಅರಮನೆಯಂಥ ಮನೆ ಕೊಂಡು, ಎಂದಾದರೂ ಅವಳು ಬಂದಾಳೆಂದು ವಾರವಾರವೂ ಊರಿಗೆಲ್ಲ ಔತಣ ಹಾಕಿಸುತ್ತಾನೆ. ಇದೆಲ್ಲ ನಡೆಯುವುದು 1922ರ ಬೇಸಿಗೆಯಲ್ಲಿ. ಹೇಳುವವನು ಪಕ್ಕದ ಪುಟ್ಟ ಬಾಡಿಗೆ ಮನೆಯ ನಿಕ್ ಕ್ಯಾರವೇ.

ಈ ಕತೆಯಲ್ಲಿ ಪ್ರೀತಿಗಿಂತ ಮೊದಲು ಇರುವುದು ಹಣ, ಹಣಕ್ಕಿಂತ ಮೊದಲು ಇರುವುದು ಬಡತನ. ಬಡವನ ಮಗ ತಾನು ಬಡವನ ಮಗನೆಂಬುದನ್ನು ಅಳಿಸಿಹಾಕಲು ಹೆಣಗಿದ ಕತೆ ಇದು. ಆ ಹೆಣಗಾಟಕ್ಕೆ ಅವನು ಇಟ್ಟುಕೊಂಡ ಹೆಸರು ಡೇಸಿ. ಚಿತ್ರಗಳಾದರೋ ಅರಮನೆಯನ್ನೂ ಔತಣವನ್ನೂ ಉಡುಪನ್ನೂ ಕಣ್ಣು ತುಂಬ ತೋರಿಸಿ, ಅದರ ನಡುವೆ ಇಬ್ಬರು ಸುಂದರ ನಟರನ್ನು ನಿಲ್ಲಿಸಿ, ಇದೊಂದು ವಿರಹದ ಕತೆ ಎಂದು ನಂಬಿಸುತ್ತವೆ.

ಕಾದಂಬರಿಯ ಐದನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಐದು ವರ್ಷಗಳ ಮೇಲೆ ಗ್ಯಾಟ್ಸ್‌ಬಿ ಮತ್ತು ಡೇಸಿ ನಿಕ್‌ನ ಮನೆಯಲ್ಲಿ ಮತ್ತೆ ಭೇಟಿಯಾಗುತ್ತಾರೆ. ಹೊರಗೆ ಮಳೆ. ಒಳಗೆ ಮಾತು ಹೊರಡದ ಮುಜುಗರ. ಗ್ಯಾಟ್ಸ್‌ಬಿಯ ತಲೆ ತಗುಲಿ ಗೂಡಿನ ಮೇಲಿದ್ದ ಗಡಿಯಾರ ಬೀಳುವಂತಾಗುತ್ತದೆ, ನಡುಗುವ ಬೆರಳುಗಳಿಂದ ಅವನು ಅದನ್ನು ಹಿಡಿಯುತ್ತಾನೆ. ಆಮೇಲೆ ನಿಕ್ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಒಂದು ದೊಡ್ಡ ಮರದ ಕೆಳಗೆ ಅರ್ಧ ಗಂಟೆ ಕಾಲ ಗ್ಯಾಟ್ಸ್‌ಬಿಯ ಅರಮನೆಯನ್ನು ನೋಡುತ್ತ ನಿಲ್ಲುತ್ತಾನೆ. ಅವನು ಮರಳಿ ಬರುವಷ್ಟರಲ್ಲಿ ಡೇಸಿಯ ಕಣ್ಣಲ್ಲಿ ನೀರಿದೆ, ಗ್ಯಾಟ್ಸ್‌ಬಿ ಬೆಳಗುತ್ತಿದ್ದಾನೆ. ಆ ಅರ್ಧ ಗಂಟೆಯಲ್ಲಿ ಅವರು ಏನು ಮಾತಾಡಿದರು ಎಂಬುದನ್ನು ಫಿಟ್ಜ್‌ಜೆರಾಲ್ಡ್ ಹೇಳುವುದೇ ಇಲ್ಲ. ಇಡೀ ಕಾದಂಬರಿಯ ಪ್ರೇಮ ಆ ಅರ್ಧ ಗಂಟೆಯಲ್ಲಿದೆ, ಆ ಹೊತ್ತು ಓದುಗನನ್ನು ಮಳೆಯಲ್ಲಿ ನಿಲ್ಲಿಸಲಾಗಿದೆ. 1974ರ ಚಿತ್ರವನ್ನು ನೋಡಿದರೆ, ಕಾದಂಬರಿಯಲ್ಲಿ ಇಲ್ಲದ ಪ್ರಣಯ ದೃಶ್ಯಗಳು ಒಂದರ ಹಿಂದೆ ಒಂದು ಬರುತ್ತವೆ. ಹಳೆಯ ಸೈನಿಕ ಉಡುಪು ತೊಟ್ಟ ಗ್ಯಾಟ್ಸ್‌ಬಿ ಮೋಂಬತ್ತಿಯ ಬೆಳಕಿನಲ್ಲಿ ಡೇಸಿಯೊಡನೆ ನರ್ತಿಸುತ್ತಾನೆ. ಲೇಖಕ ಬೇಕೆಂದೇ ಮುಚ್ಚಿದ ಬಾಗಿಲನ್ನು ಹೀಗೆ ತೆರೆದಾಗ ಒಳಗೆ ಕಾಣುವುದು ಸಾಮಾನ್ಯವಾದ ಪ್ರೇಮ ಮಾತ್ರ.

ನನಗೆ ಇದಕ್ಕಿಂತ ಹೆಚ್ಚು ನೋವಾಗುವುದು ಗ್ಯಾಟ್ಸ್‌ಬಿಯ ತಂದೆಯ ವಿಚಾರದಲ್ಲಿ. ಕೊಲೆಯಾದ ಮಗನ ಅಂತ್ಯಕ್ರಿಯೆಗೆ ಮಿನೆಸೋಟದ ಊರೊಂದರಿಂದ ಹೆನ್ರಿ ಗ್ಯಾಟ್ಜ್ ಬರುತ್ತಾರೆ. ಜೇಬಿನಿಂದ ಮಗನ ಅರಮನೆಯ ಫೋಟೋ ತೆಗೆದು ತೋರಿಸುತ್ತಾರೆ. ಎಷ್ಟೋ ಕೈ ದಾಟಿ ಅದು ಕೊಳೆಯಾಗಿದೆ, ಮೂಲೆಗಳು ಬಿರಿದಿವೆ. ಆ ಅರಮನೆಯೊಳಗೇ ನಿಂತಿದ್ದರೂ ಆ ತಂದೆಗೆ ಫೋಟೋವೇ ಹೆಚ್ಚು ನಿಜ. ಆಮೇಲೆ ಮಗ ಹುಡುಗನಾಗಿದ್ದಾಗ ಓದುತ್ತಿದ್ದ ಹರಕು ಪುಸ್ತಕವನ್ನು ತೆರೆದು ಕೊನೆಯ ಖಾಲಿ ಹಾಳೆಯನ್ನು ತೋರಿಸುತ್ತಾರೆ. 1906ರ ಸೆಪ್ಟೆಂಬರ್ 12ರ ತಾರೀಖು ಹಾಕಿ ಹುಡುಗ ಅಲ್ಲಿ ದಿನಚರಿ ಬರೆದುಕೊಂಡಿದ್ದಾನೆ. ಬೆಳಿಗ್ಗೆ 6ಕ್ಕೆ ಏಳುವುದು, 6.15ರಿಂದ ಡಂಬೆಲ್ ವ್ಯಾಯಾಮ, 7.15ರಿಂದ ವಿದ್ಯುತ್ತು ಮುಂತಾದವುಗಳ ಅಧ್ಯಯನ, 8.30ರಿಂದ ಸಂಜೆ 4.30ರವರೆಗೆ ಕೆಲಸ, ಸಂಜೆ ಮಾತುಗಾರಿಕೆಯ ಅಭ್ಯಾಸ. ಅದರ ಕೆಳಗೆ ಸಂಕಲ್ಪಗಳು. ವಾರಕ್ಕೆ 5 ಡಾಲರ್ ಉಳಿಸಬೇಕೆಂದು ಬರೆದು, ಅದನ್ನು ಹೊಡೆದುಹಾಕಿ, 3 ಡಾಲರ್ ಎಂದು ತಿದ್ದಿದ್ದಾನೆ. ಕೊನೆಯ ಸಂಕಲ್ಪ, ಅಪ್ಪ ಅಮ್ಮನ ಜೊತೆ ಇನ್ನಷ್ಟು ಒಳ್ಳೆಯ ರೀತಿ ನಡೆದುಕೊಳ್ಳುವುದು.

ಹೊಡೆದುಹಾಕಿದ ಆ 5 ಡಾಲರ್ ಇಡೀ ಕಾದಂಬರಿಯ ಕೀಲಿ ಎಂದು ನಾನು ನಂಬಿದ್ದೇನೆ. ಉಳಿದೆಲ್ಲ ವೈಭವಕ್ಕೂ ಹಣ ಸುರಿದ 2013ರ ಚಿತ್ರದಲ್ಲಿ ಈ ತಂದೆಯೇ ಇಲ್ಲ.

ಕತ್ತರಿಮೇಜು

ಓದುಮನೆಯವರೇ, ತಮ್ಮ ಬರಹ ಕಾದಂಬರಿಯ ಬಗ್ಗೆ ಒಪ್ಪುವಂತಿದೆ, ಸಿನಿಮಾದ ಬಗ್ಗೆ ಒಪ್ಪುವಂತಿಲ್ಲ. ನಾನು ಸಂಕಲನದ ಕೆಲಸದಲ್ಲಿ ಇರುವವನು, ಆದ್ದರಿಂದ ಆ ಕಡೆಯಿಂದ ಮಾತಾಡುತ್ತೇನೆ.

ಕಾದಂಬರಿಯಲ್ಲಿ ನಿಕ್ ಒಂದು ಧ್ವನಿ. ಅವನು ‘ಆ ಹೊತ್ತು ನಾನು ಅಲ್ಲಿರಲಿಲ್ಲ’ ಎಂದರೆ ಓದುಗ ಒಪ್ಪಿ ಮುಂದಿನ ಸಾಲಿಗೆ ಹೋಗುತ್ತಾನೆ. ತೆರೆಯ ಮೇಲೆ ನಿಕ್ ಒಬ್ಬ ಮನುಷ್ಯ. ಅವನಿಗೆ ಮುಖವಿದೆ, ಟೋಪಿಯಿದೆ, ನಿಲ್ಲಲು ಒಂದು ಜಾಗ ಬೇಕು. ಎರಡು ಗಂಟೆಯ ಚಿತ್ರದಲ್ಲಿ ಏನನ್ನೂ ಮಾಡದೆ ಎಲ್ಲವನ್ನೂ ನೋಡುವ ಪಾತ್ರವನ್ನು ನಡೆಸಿಕೊಂಡು ಹೋಗುವುದು ನಿರ್ದೇಶಕರಿಗೆ ಬಹಳ ಕಷ್ಟದ ಕೆಲಸ. 1974ರ ಚಿತ್ರಕಥೆಯನ್ನು ಬರೆದವರು ‘ದಿ ಗಾಡ್‌ಫಾದರ್’ ಖ್ಯಾತಿಯ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. ಅಂಥವರೂ ಪ್ರೇಮಿಗಳಿಗೆ ಹೊಸ ದೃಶ್ಯಗಳನ್ನು ಬರೆಯಬೇಕಾಯಿತು ಎಂದರೆ ತೊಂದರೆ ಎಷ್ಟು ಆಳದ್ದು ಎಂದು ಯೋಚಿಸಿ. 2013ರಲ್ಲಿ ನಿರ್ದೇಶಕ ಬಾಜ್ ಲುರ್‌ಮನ್ ನಿಕ್‌ನನ್ನು ಮಾನಸಿಕ ಚಿಕಿತ್ಸಾಲಯದಲ್ಲಿ ಕೂರಿಸಿ, ವೈದ್ಯರ ಸಲಹೆಯಂತೆ ಕತೆ ಬರೆಯುವಂತೆ ಮಾಡಿದರು. ಅದು ಕಾದಂಬರಿಯಲ್ಲಿ ಇಲ್ಲ, ನಿಜ. ಆದರೆ ತೆರೆಯ ಮೇಲೆ ಕೇಳಿಬರುವ ನಿಕ್‌ನ ಧ್ವನಿಗೆ ಅದರಿಂದ ಒಂದು ಕಾರಣ ದೊರೆಯಿತು, ಫಿಟ್ಜ್‌ಜೆರಾಲ್ಡ್ ಅವರ ವಾಕ್ಯಗಳು ಅಕ್ಷರರೂಪದಲ್ಲಿಯೇ ತೆರೆಯ ಮೇಲೆ ತೇಲುವುದು ಸಾಧ್ಯವಾಯಿತು.

ಇನ್ನು ವೈಭವ ಅತಿಯಾಯಿತು ಎಂಬ ಆಕ್ಷೇಪ. ಗ್ಯಾಟ್ಸ್‌ಬಿಯ ಔತಣಗಳು ಅತಿಯಾಗಿಯೇ ಇರಬೇಕಲ್ಲವೇ? ಕಾದಂಬರಿಯಲ್ಲೇ ಪ್ರತಿ ಶುಕ್ರವಾರ ನ್ಯೂಯಾರ್ಕ್‌ನ ಹಣ್ಣಿನ ವ್ಯಾಪಾರಿಯಿಂದ ಐದು ದೊಡ್ಡ ಪೆಟ್ಟಿಗೆ ಕಿತ್ತಲೆ, ನಿಂಬೆ ಬರುತ್ತವೆ, ಸೋಮವಾರ ಅವೇ ಹಣ್ಣುಗಳ ಸಿಪ್ಪೆಯ ರಾಶಿ ಹಿಂಬಾಗಿಲಿನಿಂದ ಹೊರಹೋಗುತ್ತದೆ. ಹೊಸದಾಗಿ ದುಡ್ಡು ಕಂಡವನ ಔತಣ ಹದವಾಗಿ ಇದ್ದರೆ ಅವನು ಟಾಮ್ ಬುಕಾನನ್ ಆಗುತ್ತಾನೆ, ಗ್ಯಾಟ್ಸ್‌ಬಿ ಆಗುವುದಿಲ್ಲ. ಇಪ್ಪತ್ತರ ದಶಕದಲ್ಲಿ ಜಾಝ್ ಕೇಳಿದ ಹಿರಿಯರಿಗೆ ಆದ ಕಿರಿಕಿರಿ ಇಂದಿನ ನೋಡುಗರಿಗೂ ಆಗಲೆಂದೇ ಲುರ್‌ಮನ್ ರ‍್ಯಾಪ್ ಗಾಯಕ ಜೇ-ಝೀ ಮೇಲ್ವಿಚಾರಣೆಯ ಸಂಗೀತವನ್ನು ಬಳಸಿದರು. ಆ ತೀರ್ಮಾನವನ್ನು ನಾನು ಇಂದಿಗೂ ಸಮರ್ಥಿಸುತ್ತೇನೆ.

ಬಡತನ ಬರಲಿಲ್ಲ ಎಂದಿರಿ. 2013ರ ಚಿತ್ರದಲ್ಲಿ ಟಾಮ್ ಮತ್ತು ಗ್ಯಾಟ್ಸ್‌ಬಿ ಮುಖಾಮುಖಿಯಾಗುವ ಪ್ಲಾಝಾ ಹೋಟೆಲಿನ ದೃಶ್ಯವನ್ನು ಮತ್ತೆ ನೋಡಿ. ಸೆಕೆಯ ಮಧ್ಯಾಹ್ನ, ಒಂದೇ ಕೋಣೆ, ಐದು ಜನ. ಇಕ್ಕಟ್ಟಾದ ಕೋಣೆಯಲ್ಲಿ ನಟರ ನಡುವಿನ ಅಂತರವನ್ನು ತೋರಿಸಲು 3ಡಿಯನ್ನು ಹೇಗೆ ಬಳಸಬಹುದೆಂಬುದನ್ನು ಲುರ್‌ಮನ್ ಕಲಿತದ್ದು 1954ರ ಹಿಚ್‌ಕಾಕ್ ಚಿತ್ರ ‘ಡಯಲ್ ಎಂ ಫಾರ್ ಮರ್ಡರ್’ ನೋಡಿ. ಟಾಮ್ ಗ್ಯಾಟ್ಸ್‌ಬಿಯ ಹುಟ್ಟನ್ನು ಕೆದಕಿ ಕೆದಕಿ ಹೀಯಾಳಿಸಿದಾಗ ಗ್ಯಾಟ್ಸ್‌ಬಿಯ ಪಾತ್ರದ ಡಿಕಾಪ್ರಿಯೊ ಟಾಮ್‌ನ ಕೊರಳಪಟ್ಟಿ ಹಿಡಿದು ಮುಷ್ಟಿ ಎತ್ತುತ್ತಾರೆ, ಬಾಚಿದ ಕೂದಲು ಹಣೆಗೆ ಬೀಳುತ್ತದೆ, ಮುಖ ಗುರುತೇ ಸಿಗದಷ್ಟು ಬದಲಾಗುತ್ತದೆ. ಕಾದಂಬರಿಯಲ್ಲಿ ಅವನು ಕೈ ಎತ್ತುವುದಿಲ್ಲ. ಅವನ ಮುಖದಲ್ಲಿ ಕ್ಷಣಕಾಲ ಕೊಲೆಗಾರನ ಚಹರೆ ಕಂಡಿತು ಎಂದಷ್ಟೇ ಇದೆ. ಆ ಒಂದು ಸಾಲಿಗೆ ಸಿನಿಮಾ ಕೊಟ್ಟ ರೂಪ ಅದು. ಹದಿನೈದು ವರ್ಷ ಉಜ್ಜಿ ಉಜ್ಜಿ ಹೊಳಪು ಕೊಟ್ಟ ಗ್ಯಾಟ್ಸ್‌ಬಿ ಒಂದು ಕ್ಷಣ ಜಾರಿ, ಒಳಗಿದ್ದ ಜೇಮ್ಸ್ ಗ್ಯಾಟ್ಜ್ ಹೊರಬರುತ್ತಾನೆ. ತಾವು ಕೇಳುವ ಬಡತನ ಅಲ್ಲಿದೆ.

ಓದುಮನೆ

ಪ್ಲಾಝಾ ದೃಶ್ಯದ ಬಗ್ಗೆ ತಮ್ಮ ಮಾತನ್ನು ಒಪ್ಪುತ್ತೇನೆ; ಆ ಚಿತ್ರದ ಅತ್ಯುತ್ತಮ ಭಾಗ ಅದೇ. ಆದರೆ ಅಲ್ಲಿ ಗಳಿಸಿದ್ದನ್ನು ಅದೇ ಚಿತ್ರ ಗ್ಯಾಟ್ಸ್‌ಬಿ ಕೊಲೆಯಾಗುವ ಈಜುಕೊಳದ ದೃಶ್ಯದಲ್ಲಿ ಕಳೆದುಕೊಳ್ಳುತ್ತದೆ. ಗ್ಯಾಟ್ಸ್‌ಬಿ ಡೇಸಿಯ ಫೋನಿಗಾಗಿ ಕಾಯುತ್ತಿರುತ್ತಾನೆ. ಕಾದಂಬರಿಯಲ್ಲಿ ಯಾವ ಕರೆಯೂ ಬರುವುದಿಲ್ಲ. ಬರುವುದೆಂದು ಅವನೇ ನಂಬಿರಲಿಲ್ಲವೇನೋ, ಅದರ ಚಿಂತೆಯೂ ಅವನಿಗೆ ಉಳಿದಿರಲಿಲ್ಲವೇನೋ ಎಂದು ನಿಕ್ ಊಹಿಸುತ್ತಾನೆ. ಐದು ವರ್ಷ ಒಂದೇ ಕನಸನ್ನು ಹೊತ್ತವನು ಕೊನೆಯ ಬೆಳಗಿನಲ್ಲಿ ಆ ಕನಸಿಲ್ಲದ ಲೋಕವನ್ನು ಮೊದಲ ಸಲ ನೋಡಿರಬಹುದು ಎಂಬ ಆ ಊಹೆಯಷ್ಟು ಕಠಿಣವಾದದ್ದು ಇಡೀ ಪುಸ್ತಕದಲ್ಲಿ ಬೇರೆ ಇಲ್ಲ. ಚಿತ್ರದಲ್ಲಿ ಫೋನು ಗಣಗಣಿಸುತ್ತದೆ. ಮಾಡಿದವನು ನಿಕ್, ಆದರೆ ಗ್ಯಾಟ್ಸ್‌ಬಿ ಅದು ಡೇಸಿಯೇ ಎಂದು ತಿಳಿದು, ಅವಳ ಹೆಸರು ಹೇಳುತ್ತ ಸಾಯುತ್ತಾನೆ. ಕಾದಂಬರಿ ಅವನಿಗೆ ನಿರಾಕರಿಸಿದ ಸಮಾಧಾನವನ್ನು ಚಿತ್ರ ಕರುಣೆಯಿಂದ ಕೊಟ್ಟಿದೆ. ನೋಡುಗ ಅಳುತ್ತಾನೆ, ಆದರೆ ಪುಸ್ತಕದ ಓದುಗನಿಗೆ ಆಗುವ ದಿಗಿಲು ಅವನಿಗೆ ಆಗುವುದಿಲ್ಲ.

ಹೊಸ ಓದುಗ

ನಾನು 2013ರ ಚಿತ್ರವನ್ನು ನೋಡಿದ್ದು ಅಮಿತಾಭ್ ಬಚ್ಚನ್ ಇದ್ದಾರೆಂಬ ಒಂದೇ ಕಾರಣಕ್ಕೆ. ಅವರು ಒಂದು ಊಟದ ದೃಶ್ಯಕ್ಕೆ ಬಂದು ಹೋಗುತ್ತಾರೆ. ಕಾದಂಬರಿಯಲ್ಲಿ ಆ ಪಾತ್ರಕ್ಕೆ ಇದಕ್ಕಿಂತ ಹೆಚ್ಚಿನ ತೂಕ ಇದೆಯೇ ಎಂದು ಓದಿದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಅಧ್ಯಾಪಕಿ

ಪುಟಗಳ ಲೆಕ್ಕದಲ್ಲಿ ಹೆಚ್ಚಿಲ್ಲ, ತೂಕದಲ್ಲಿ ಇದೆ. ಆ ಪಾತ್ರದ ಹೆಸರು ಮೇಯರ್ ವುಲ್ಫ್‌ಶೈಮ್. 1919ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಪಂದ್ಯಗಳ ಫಲಿತಾಂಶವನ್ನು ಮೋಸದಿಂದ ಮೊದಲೇ ಗೊತ್ತುಮಾಡಿಸಿದವನು ಇವನೇ ಎಂದು ಗ್ಯಾಟ್ಸ್‌ಬಿ ತಣ್ಣಗೆ ಹೇಳುತ್ತಾನೆ. ಆ ಹಗರಣದಲ್ಲಿ ಹೆಸರು ಕೇಳಿಬಂದ ಆರ್ನಲ್ಡ್ ರಾತ್‌ಸ್ಟೀನ್ ಎಂಬ ಜೂಜುಕೋರ ಈ ಪಾತ್ರದ ಹಿಂದಿದ್ದಾನೆ. ಅಂಗಿಯ ತೋಳಿಗೆ ಮನುಷ್ಯರ ದವಡೆ ಹಲ್ಲಿನಿಂದ ಮಾಡಿದ ಗುಂಡಿ ಹಾಕಿಕೊಳ್ಳುವವನು. ಗ್ಯಾಟ್ಸ್‌ಬಿ ಸತ್ತ ಮೇಲೆ ನಿಕ್ ಕರೆಯಲು ಹೋದರೆ, ಅವನನ್ನು ಏನೂ ಇಲ್ಲದ ಸ್ಥಿತಿಯಿಂದ ಎತ್ತಿ ನಿಲ್ಲಿಸಿದವನು ನಾನೇ ಎಂದು ಹೆಮ್ಮೆಪಡುತ್ತಾನೆ, ಅಂತ್ಯಕ್ರಿಯೆಗೆ ಮಾತ್ರ ಬರುವುದಿಲ್ಲ. ಗ್ಯಾಟ್ಸ್‌ಬಿಯ ಹಣ ಎಲ್ಲಿಂದ ಬಂತೆಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಈ ಮನುಷ್ಯ. ಫಿಟ್ಜ್‌ಜೆರಾಲ್ಡ್ ಅವನನ್ನು ಚಿತ್ರಿಸಿರುವ ರೀತಿಯಲ್ಲಿ ಯಹೂದಿಗಳ ಬಗೆಗಿನ ಆ ಕಾಲದ ಹೀನ ಪೂರ್ವಗ್ರಹ ಎದ್ದು ಕಾಣುತ್ತದೆ, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಬಚ್ಚನ್ ಅವರ ಆಯ್ಕೆಯಿಂದ ಆ ಮುಳ್ಳು ಸ್ವಲ್ಪ ಮೊಂಡಾಗಿದೆ.

ಇಲ್ಲಿಯವರೆಗೆ ಎಲ್ಲರೂ ಗ್ಯಾಟ್ಸ್‌ಬಿಯ ಕುರಿತೇ ಬರೆದಿದ್ದೀರಿ. ಡೇಸಿಯ ಕುರಿತು ನನಗೆ ಒಂದೆರಡು ಮಾತು ಹೇಳುವುದಿದೆ. ಎಲ್ಲ ಚಿತ್ರಗಳೂ ಅವಳಿಗೆ ಅನ್ಯಾಯ ಮಾಡಿವೆ. 1974ರಲ್ಲಿ ಮಿಯಾ ಫ್ಯಾರೋ ಅವಳನ್ನು ಚಂಚಲೆಯಾಗಿ, 2013ರಲ್ಲಿ ಕ್ಯಾರಿ ಮಲ್ಲಿಗನ್ ಅಸಹಾಯಕಳಾಗಿ ಅಭಿನಯಿಸಿದರು. ಇಬ್ಬರೂ ಸಮರ್ಥ ನಟಿಯರು, ತಪ್ಪು ಅವರದ್ದಲ್ಲ. ಕಾದಂಬರಿಯ ಡೇಸಿ ಅಸಹಾಯಕಳೂ ಅಲ್ಲ, ಬರೀ ಚಂಚಲೆಯೂ ಅಲ್ಲ. ತನ್ನ ಬೆಲೆಯನ್ನು ಬಲ್ಲವಳು. ಮದುವೆಯ ಹಿಂದಿನ ದಿನ ಟಾಮ್ ಅವಳಿಗೆ 3,50,000 ಡಾಲರ್ ಬೆಲೆಯ ಮುತ್ತಿನ ಹಾರ ಕೊಟ್ಟಿರುತ್ತಾನೆ. ಆ ಸಂಜೆ ಅವಳು ಕುಡಿದು, ಒಂದು ಕೈಯಲ್ಲಿ ಒಂದು ಪತ್ರವನ್ನು ಬಿಗಿಯಾಗಿ ಹಿಡಿದು, ಹಾರವನ್ನು ಹಿಂದಿರುಗಿಸಿಬಿಡಿ ಎಂದು ಅಳುತ್ತಾಳೆ. ಸ್ನಾನದ ತೊಟ್ಟಿಗೆ ಇಳಿಸಿದರೂ ಪತ್ರವನ್ನು ಬಿಡುವುದಿಲ್ಲ. ಅದು ನೆನೆದು ಮುದ್ದೆಯಾಗಿ ಚೂರುಚೂರಾಗುವುದನ್ನು ಕಂಡ ಮೇಲೆಯೇ ಸಾಬೂನಿನ ತಟ್ಟೆಯಲ್ಲಿಡಲು ಬಿಡುತ್ತಾಳೆ. ಅರ್ಧ ಗಂಟೆಯ ನಂತರ ಹಾರ ಕೊರಳಲ್ಲಿದೆ, ಮರುದಿನ ಸಂಜೆ ಐದಕ್ಕೆ ಮದುವೆ ಸುಸೂತ್ರವಾಗಿ ನಡೆಯುತ್ತದೆ. ಇದನ್ನು ಅವಳ ಗೆಳತಿ ಜೋರ್ಡನ್ ಹೇಳುತ್ತಾಳೆ. ಪತ್ರದಲ್ಲಿ ಏನಿತ್ತು ಎಂಬುದನ್ನು ಹೇಳಿಲ್ಲ, ಹೇಳುವ ಅಗತ್ಯವೂ ಇಲ್ಲ. ಆ ಅರ್ಧ ಗಂಟೆಯಲ್ಲಿ ಡೇಸಿ ಏನು ಯೋಚಿಸಿದಳು ಎಂಬುದನ್ನು ಯಾವ ನಿರ್ದೇಶಕರೂ ಕೇಳಿಕೊಂಡಂತೆ ಕಾಣುವುದಿಲ್ಲ.

ಅವಳಿಗೆ ಒಂದು ಹೆಣ್ಣು ಮಗುವಿದೆ. ಗ್ಯಾಟ್ಸ್‌ಬಿ ಆ ಮಗುವನ್ನು ಅಚ್ಚರಿಯಿಂದ ನೋಡುತ್ತಲೇ ಇರುತ್ತಾನೆ; ಅಂಥ ಒಂದು ಮಗು ಇದೆಯೆಂದು ಅವನು ಅದುವರೆಗೆ ನಂಬಿಯೇ ಇರಲಿಲ್ಲ. ಕಳೆದುಹೋದ ಕಾಲವನ್ನು ಮರಳಿ ತರುತ್ತೇನೆ ಎನ್ನುವವನ ಎದುರು ಆ ಐದು ವರ್ಷ ಮೂರ್ತರೂಪದಲ್ಲಿ ಕೈ ಚಾಚಿ ನಿಂತಿದೆ. 1974ರ ಚಿತ್ರದಲ್ಲಿ ಈ ಮಗುವಿಗೆ ಒಂದಿಷ್ಟು ಸ್ಥಾನವಿದೆ, 2013ರ ಚಿತ್ರದಲ್ಲಿ ಕೊನೆಯವರೆಗೆ ಮಗು ಇದ್ದೂ ಇಲ್ಲದಂತಿದೆ.

ಹಣ ಮತ್ತು ಕೈತಪ್ಪಿದ ಪ್ರೀತಿ ಎಂದಾಗ ನಮ್ಮಲ್ಲಿ ಹಲವರಿಗೆ ‘ಬೆಳ್ಳಿಮೋಡ’ ನೆನಪಾಗದೆ ಇರದು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ಚಿತ್ರವಾಗಿಸಿದರು. ಎಸ್ಟೇಟಿನ ಒಬ್ಬಳೇ ಮಗಳೆಂದು ಇಂದಿರೆಯನ್ನು ಒಪ್ಪಿ, ಅವಳ ತಂದೆಯ ಹಣದಲ್ಲಿ ವಿದೇಶಕ್ಕೆ ಓದಲು ಹೋದ ಮೋಹನ, ಆ ಮನೆಯಲ್ಲಿ ಗಂಡು ಮಗು ಹುಟ್ಟಿ ಆಸ್ತಿ ಕೈತಪ್ಪಿತೆಂದು ತಿಳಿದ ಮೇಲೆ ಮದುವೆ ಬೇಡವೆನ್ನುತ್ತಾನೆ. ಅಪಘಾತವಾಗಿ ಅದೇ ಮನೆಯಲ್ಲಿ ಅವಳಿಂದಲೇ ಆರೈಕೆ ಪಡೆದು ಮನಸ್ಸು ಬದಲಿಸಿದಾಗ ಇಂದಿರೆ ಒಪ್ಪುವುದಿಲ್ಲ. ಪುಟ್ಟಣ್ಣನವರು ಕ್ಯಾಮೆರಾವನ್ನು ಎಸ್ಟೇಟಿನ ಸೊಬಗಿಗೆ ಒಪ್ಪಿಸಿಬಿಡಲಿಲ್ಲ. ಚಿಕ್ಕಮಗಳೂರಿನ ಬೆಟ್ಟ, ಮೋಡ, ಬೇಂದ್ರೆಯವರ ಬೆಳಗಿನ ಹಾಡು ಎಲ್ಲವೂ ಇದ್ದರೂ ಕೊನೆಗೆ ಉಳಿಯುವುದು ಕಲ್ಪನಾ ಅವರ ಮುಖ. ಹಣ ಯಾರ ಕೈಯಲ್ಲಿದೆ, ಅದು ಯಾರಿಗೆ ಹೋಗುತ್ತದೆ ಎಂಬ ಪ್ರಶ್ನೆಯೇ ಕತೆಯನ್ನು ನಡೆಸುತ್ತದೆ ಎಂಬುದನ್ನು ಚಿತ್ರ ಒಂದು ಕ್ಷಣವೂ ಮರೆಯುವುದಿಲ್ಲ. ಗ್ಯಾಟ್ಸ್‌ಬಿಯನ್ನು ಚಿತ್ರ ಮಾಡಿದವರು ಈ ಒಂದು ಎಚ್ಚರವನ್ನು ಇಟ್ಟುಕೊಂಡಿದ್ದರೆ ಸಾಕಿತ್ತು.

ಕ್ವೀನ್ಸ್ ಕನ್ನಡಿಗ

ಬೂದಿಯ ಬಯಲಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತೇನೆ. ನಾನಿರುವುದು ಆ ಜಾಗಕ್ಕೆ ಹತ್ತಿರದಲ್ಲಿ. ಕಾದಂಬರಿಯಲ್ಲಿ ಲಾಂಗ್ ಐಲೆಂಡ್‌ನ ಸಿರಿವಂತರು ನ್ಯೂಯಾರ್ಕ್‌ಗೆ ಹೋಗಬೇಕಾದರೆ ಒಂದು ಬೂದಿಯ ಬಯಲನ್ನು ದಾಟಲೇಬೇಕು. ರಸ್ತೆಯೂ ರೈಲುಹಳಿಯೂ ಅಲ್ಲಿ ಒತ್ತಾಗಿ ಸಾಗುತ್ತವೆ. ಇದು ಕಲ್ಪನೆಯ ಜಾಗವಲ್ಲ. ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದ ಕೊರೋನಾ ಎಂಬಲ್ಲಿ ನಗರದ ಕಲ್ಲಿದ್ದಲು ಒಲೆಗಳ ಬೂದಿಯನ್ನು ರೈಲಿನಲ್ಲಿ ತಂದು ಸುರಿಯುತ್ತಿದ್ದರು. ಫಿಟ್ಜ್‌ಜೆರಾಲ್ಡ್ ದಂಪತಿ 1922ರ ಅಕ್ಟೋಬರ್‌ನಿಂದ 1924ರವರೆಗೆ ಲಾಂಗ್ ಐಲೆಂಡ್‌ನ ಗ್ರೇಟ್ ನೆಕ್‌ನಲ್ಲಿ ವಾಸವಿದ್ದರು, ನಗರಕ್ಕೆ ಹೋಗಿಬರುವಾಗ ಈ ಗುಡ್ಡೆಗಳು ಅವರ ಕಣ್ಣಿಗೆ ಬೀಳುತ್ತಿದ್ದವು. ಮುಂದೆ 1939ರ ವಿಶ್ವ ಮೇಳಕ್ಕಾಗಿ ಅದನ್ನೆಲ್ಲ ಸಮತಟ್ಟು ಮಾಡಿದರು. ಈಗ ಅಲ್ಲಿರುವುದು ಫ್ಲಶಿಂಗ್ ಮೆಡೋಸ್ ಉದ್ಯಾನ. ಯು.ಎಸ್. ಓಪನ್ ಟೆನಿಸ್ ನಡೆಯುವುದು ಅಲ್ಲೇ. ಫ್ಲಶಿಂಗ್‌ನ ಬೌನ್ ಸ್ಟ್ರೀಟ್‌ನ ಗಣೇಶ ದೇವಸ್ಥಾನಕ್ಕೆ ಬರುವ ಈ ಭಾಗದ ಕನ್ನಡಿಗರಲ್ಲಿ ಎಷ್ಟೋ ಮಂದಿ ಆ ಉದ್ಯಾನದ ಪಕ್ಕದಲ್ಲೇ ಹಾದು ಬರುತ್ತಾರೆ. ಗ್ರೇಟ್ ನೆಕ್‌ನಿಂದ ಮ್ಯಾನ್‌ಹ್ಯಾಟನ್‌ಗೆ ಹೋಗುವ ರೈಲು ಇಂದಿಗೂ ಅದೇ ದಾರಿಯಲ್ಲಿ ಸಾಗುತ್ತದೆ.

ಆ ಬೂದಿ ಎಲ್ಲಿಯದು ಎಂದು ಯೋಚಿಸಿದರೆ ಕಾದಂಬರಿಯ ಲೆಕ್ಕ ತಿಳಿಯುತ್ತದೆ. ನಗರದ ಮನೆ, ಹೋಟೆಲು, ಕಾರ್ಖಾನೆಗಳನ್ನು ಬೆಚ್ಚಗೆ ಇಟ್ಟ ಬೆಂಕಿಯ ಕಸ ಅದು. ಅದರ ನಡುವೆ ಗ್ಯಾರೇಜು ಇಟ್ಟುಕೊಂಡು ಬದುಕುವವನು ಜಾರ್ಜ್ ವಿಲ್ಸನ್. ಅವನ ಹೆಂಡತಿ ಮರ್ಟಲ್‌ಳನ್ನು ಟಾಮ್ ಇಟ್ಟುಕೊಂಡಿದ್ದಾನೆ, ಡೇಸಿ ಓಡಿಸುತ್ತಿದ್ದ ಗ್ಯಾಟ್ಸ್‌ಬಿಯ ಕಾರಿಗೆ ಸಿಕ್ಕಿ ಮರ್ಟಲ್ ಸಾಯುತ್ತಾಳೆ, ಗ್ಯಾಟ್ಸ್‌ಬಿಯೇ ಕೊಂದವನೆಂದು ತಿಳಿದ ವಿಲ್ಸನ್ ಅವನನ್ನು ಗುಂಡಿಟ್ಟು ಕೊಂದು ತಾನೂ ಸಾಯುತ್ತಾನೆ. ಸತ್ತ ಮೂವರಲ್ಲಿ ಹುಟ್ಟು ಶ್ರೀಮಂತರು ಒಬ್ಬರೂ ಇಲ್ಲ. ಟಾಮ್ ಮತ್ತು ಡೇಸಿ ಊರು ಬಿಟ್ಟು ಹೊರಟುಹೋಗುತ್ತಾರೆ, ವಿಳಾಸವನ್ನೂ ಬಿಟ್ಟುಹೋಗುವುದಿಲ್ಲ.

2013ರ ಚಿತ್ರವನ್ನು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ತೆಗೆದರು. ಅಲ್ಲಿ ಕಟ್ಟಿದ ಬೂದಿಯ ಬಯಲು ಒಂದು ಭವ್ಯ ವರ್ಣಚಿತ್ರದಂತಿದೆ; ಮಸಿ ಬಳಿದ ಕಾರ್ಮಿಕರೂ ಬೆಳಕಿಗೆ ತಕ್ಕಂತೆ ನಿಂತಿದ್ದಾರೆ. ಅದನ್ನು ದಾಟುವಾಗ ನನಗೆ ಉಸಿರು ಕಟ್ಟಲಿಲ್ಲ. ಪುಸ್ತಕದಲ್ಲಿ ಕಟ್ಟಿತ್ತು. ಓದುಮನೆಯವರು ಹೇಳಿದ ದೋಷ ಇಲ್ಲಿಯೂ ಅದೇ ಎಂದು ತೋರುತ್ತದೆ: ಕ್ಯಾಮೆರಾ ಯಾವುದನ್ನು ನೋಡಿದರೂ ಅದಕ್ಕೆ ಸಿರಿಯನ್ನೇ ಬಳಿಯುತ್ತದೆ.

ತುಂಗಾತೀರ

1949ರ ಚಿತ್ರವನ್ನು ಯಾರೂ ಗಣನೆಗೆ ತೆಗೆದುಕೊಂಡಿಲ್ಲ. ನಿರ್ದೇಶನ ಎಲಿಯಟ್ ನ್ಯೂಜೆಂಟ್ ಅವರದು, ಗ್ಯಾಟ್ಸ್‌ಬಿ ಅಲನ್ ಲ್ಯಾಡ್. ಅಂದಿನ ಹಾಲಿವುಡ್‌ನ ನೀತಿಸಂಹಿತೆಗೆ ಒಳಪಟ್ಟಿದ್ದರಿಂದ ಚಿತ್ರ ಗ್ಯಾಟ್ಸ್‌ಬಿಯ ಸಮಾಧಿಯ ಬಳಿ, ಬೈಬಲ್ಲಿನ ಜ್ಞಾನೋಕ್ತಿಯೊಂದಿಗೆ ಆರಂಭವಾಗುತ್ತದೆ. ನಿಕ್ ಮತ್ತು ಜೋರ್ಡನ್ ಮದುವೆಯಾಗಿ ದಂಪತಿಯಾಗಿದ್ದಾರೆ. ಈ ಎರಡನ್ನೂ ಕ್ಷಮಿಸುವುದು ಕಷ್ಟ. ಆದರೂ ಒಂದು ವಿಷಯದಲ್ಲಿ ಲ್ಯಾಡ್ ಉಳಿದಿಬ್ಬರಿಗಿಂತ ಮೇಲು ಎಂದು ನನಗೆ ಅನ್ನಿಸುತ್ತದೆ. 1974ರ ಗ್ಯಾಟ್ಸ್‌ಬಿ ರಾಬರ್ಟ್ ರೆಡ್‌ಫರ್ಡ್ ಸೂಟು ತೊಟ್ಟರೆ ಹುಟ್ಟಿನಿಂದಲೇ ಸೂಟು ತೊಟ್ಟವರಂತೆ ಕಾಣುತ್ತಾರೆ. ಅಂಥವರನ್ನು ಟಾಮ್ ಯಾವ ಬಾಯಿಯಿಂದ ಹೀಯಾಳಿಸಬೇಕು? ಲ್ಯಾಡ್ ಮೈಮೇಲೆ ಸೂಟು ಇನ್ನೊಬ್ಬರದ್ದೆಂಬಂತೆ ಕೂರುತ್ತದೆ. ಮುಖದಲ್ಲಿ ಒಂದು ಬಿಗುವು ಇದೆ, ಯಾರಾದರೂ ಗುರುತು ಹಿಡಿದಾರೆಂಬ ಅಂಜಿಕೆ ಇದೆ. ಕಡಿಮೆ ಖರ್ಚಿನ, ಕಪ್ಪುಬಿಳುಪಿನ, ತಪ್ಪುಗಳಿಂದ ಕೂಡಿದ ಆ ಚಿತ್ರದಲ್ಲಿ ನಾನು ನೋಡಿದ್ದು ದುಡ್ಡು ಮಾಡಿದ ಬಡವನನ್ನು.

ಕತ್ತರಿಮೇಜು

ತುಂಗಾತೀರ ಅವರ ಈ ಮಾತು ತೂಕದ್ದು. ಉಡುಪಿನ ಮಾತು ಬಂದಿದ್ದರಿಂದ ಹೇಳುತ್ತೇನೆ: 1974ರ ಚಿತ್ರಕ್ಕೆ ಬಂದ ಆಸ್ಕರ್‌ಗಳು ಎರಡು, ಒಂದು ವಸ್ತ್ರವಿನ್ಯಾಸಕ್ಕೆ, ಇನ್ನೊಂದು ಸಂಗೀತಕ್ಕೆ. 2013ರದ್ದಕ್ಕೆ ಬಂದದ್ದೂ ಎರಡು, ವಸ್ತ್ರವಿನ್ಯಾಸಕ್ಕೆ ಮತ್ತು ನಿರ್ಮಾಣ ವಿನ್ಯಾಸಕ್ಕೆ. ಚಿತ್ರಕಥೆಗೂ ಇಲ್ಲ, ನಟನೆಗೂ ಇಲ್ಲ. ನಮ್ಮ ವೃತ್ತಿಯವರೇ ಈ ಚಿತ್ರಗಳಲ್ಲಿ ಮೆಚ್ಚಿದ್ದು ಬಟ್ಟೆ ಮತ್ತು ಮನೆಯನ್ನು ಎಂದಾಯಿತು. ಡೇಸಿ ಗ್ಯಾಟ್ಸ್‌ಬಿಯ ಅಂಗಿಗಳ ರಾಶಿಯಲ್ಲಿ ಮುಖವಿಟ್ಟು, ಇಷ್ಟು ಚೆಂದದ ಅಂಗಿಗಳನ್ನು ಹಿಂದೆಂದೂ ಕಂಡಿರಲಿಲ್ಲವೆಂದು ಅತ್ತಂತೆಯೇ ಇದು.

ಓದುಮನೆ

ಎಲ್ಲರಿಗೂ ಕೃತಜ್ಞತೆಗಳು. ಅಮೆರಿಕದಲ್ಲಿ ಈ ಕಾದಂಬರಿಯ ಹಕ್ಕುಸ್ವಾಮ್ಯ 2021ರ ಜನವರಿ 1ರಂದು ಮುಗಿದಿದೆ. 1940ರ ಡಿಸೆಂಬರ್‌ನಲ್ಲಿ ಲೇಖಕರು ತೀರಿಕೊಂಡಾಗ ಮಾರಾಟವಾಗದ ಪ್ರತಿಗಳು ಪ್ರಕಾಶಕರ ಬಳಿ ಇನ್ನೂ ಉಳಿದಿದ್ದ ಪುಸ್ತಕವನ್ನು ಈಗ ಯಾರು ಬೇಕಾದರೂ, ಯಾರನ್ನೂ ಕೇಳದೆ ಚಿತ್ರ ಮಾಡಬಹುದು. ಹಾಗೆ ಮಾಡುವವರಿಗೆ ನನ್ನದೊಂದು ಕೋರಿಕೆ. ತಂದೆಯಿಂದ ಆರಂಭಿಸಿ. ಮಿನೆಸೋಟದಿಂದ ಹೊರಟ ಮುದುಕರು, ಸೆಪ್ಟೆಂಬರ್‌ನ ಬೆಚ್ಚನೆಯ ದಿನದಲ್ಲೂ ಅಗ್ಗದ ಉದ್ದ ಕೋಟು ತೊಟ್ಟು, ಆ ಫೋಟೋ ಹಿಡಿದು ಅರಮನೆಯ ಬಾಗಿಲಿಗೆ ಬರಲಿ. ಅವರ ಕಣ್ಣಿನಿಂದ ನೋಡಿದ ಅಮೃತಶಿಲೆಯ ಮೆಟ್ಟಿಲು ಬೇರೆಯೇ ಆಗಿರುತ್ತದೆ. ಔತಣಗಳನ್ನು ಬಿಟ್ಟೇಬಿಡಿ, ನಿಕ್‌ನ ಕಿಟಕಿಯಿಂದ ಕೇಳುವ ಸದ್ದು, ಸೋಮವಾರದ ಸಿಪ್ಪೆಯ ರಾಶಿ ಸಾಕು. ಆ ಮಳೆಯ ಅರ್ಧ ಗಂಟೆಯಲ್ಲಿ ನಿಕ್‌ನ ಜೊತೆ ಕ್ಯಾಮೆರಾವೂ ಮರದ ಕೆಳಗೇ ನಿಲ್ಲಲಿ.

ಕತ್ತರಿಮೇಜು

ತಂದೆಯಿಂದ ಆರಂಭಿಸುವುದಕ್ಕೆ ಮತ್ತು ಮರದ ಕೆಳಗೆ ನಿಲ್ಲುವುದಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇದೆ. ಔತಣಗಳನ್ನು ಬಿಡುವುದಕ್ಕೆ ಮಾತ್ರ ಇಲ್ಲ. ನೂರಾರು ಜನ ಕರೆಯದೆಯೇ ಬಂದು, ಅವನ ಹೆಂಡ ಕುಡಿದು, ಅವನನ್ನೇ ಕೊಲೆಗಾರನೆಂದು ಆಡಿಕೊಂಡದ್ದನ್ನು ನೋಡುಗ ಕಣ್ಣಾರೆ ಕಂಡಿರಬೇಕು. ಅವರಲ್ಲಿ ಒಬ್ಬ ಆ ಮನೆಯಲ್ಲೇ ಠಿಕಾಣಿ ಹೂಡಿದ್ದವನು, ಗ್ಯಾಟ್ಸ್‌ಬಿ ಸತ್ತ ಮೇಲೆ ನಿಕ್‌ಗೆ ಫೋನು ಮಾಡುತ್ತಾನೆ. ಅಂತ್ಯಕ್ರಿಯೆಗೆ ಬರುವ ಮಾತನ್ನು ತೇಲಿಸಿ, ತಾನು ಅಲ್ಲಿ ಬಿಟ್ಟುಹೋದ ಟೆನಿಸ್ ಬೂಟುಗಳನ್ನು ಕಳುಹಿಸಿಕೊಡಿ ಎನ್ನುತ್ತಾನೆ. ಔತಣದಲ್ಲಿ ಅವನನ್ನು ಪಿಯಾನೋ ಮುಂದೆ ನೋಡಿರದಿದ್ದರೆ ಆ ಫೋನಿನ ಅರ್ಥ ಯಾರಿಗೂ ಆಗುವುದಿಲ್ಲ. ಒಂದೇ ಒಂದು ಔತಣವಿರಲಿ, ಹತ್ತು ನಿಮಿಷದ್ದು. ಅಲ್ಲಿಂದ ನೇರವಾಗಿ ಸ್ಮಶಾನಕ್ಕೆ ಕತ್ತರಿಸುತ್ತೇನೆ.